ಎರಡು ಚೀಲ ಒಳ್ಳೆಮೆಣಸು

ರಾತ್ರಿ ಕರೆಂಟು ಹೋದಾಗ ನಿಮ್ಮ ಅಡುಗೆಮನೆಯಲ್ಲಿ ಉಪ್ಪಿನ ಭರಣಿ ಹುಡುಕಲು ನಿಮಗೆ ದೀಪ ಬೇಕೇ? ಬೇಡ. ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಆದರೆ ನೀವು ಒಂದು ವಾರ ಆಸ್ಪತ್ರೆಯಲ್ಲಿದ್ದು, ಆ ಅಡುಗೆಮನೆಗೆ ನಾದಿನಿಯೋ ತಂಗಿಯೋ ಬಂದರೆನ್ನಿ. ಮೊದಲ ದಿನವೇ ಫೋನ್ ಬರುತ್ತದೆ. "ಜೀರಿಗೆ ಎಲ್ಲಿಟ್ಟಿದ್ದೀರಿ?" ಮರುದಿನ, "ಇದು ಯಾವ ಹುಡಿ, ಮೆಣಸಿನದೋ ಮಸಾಲೆಯದೋ?" ಅಂದರೆ ನಿಮ್ಮ ವ್ಯವಸ್ಥೆ ಇದ್ದದ್ದು ಕಪಾಟಿನಲ್ಲಲ್ಲ, ನಿಮ್ಮ ತಲೆಯಲ್ಲಿ. ನೀವು ಅಲ್ಲಿಲ್ಲದ ದಿನ ಅದೂ ಅಲ್ಲಿರುವುದಿಲ್ಲ.

ನಮ್ಮ ಮಾವನವರ ಗೋಡೌನು ಹೀಗೆಯೇ ಇತ್ತು. ಮಂಗಳೂರಿನ ಬಂದರಿನಲ್ಲಿ, ಹಳೆಯ ಹೆಂಚಿನ ಮಾಡಿನ ಕೆಳಗೆ, ಉದ್ದ ನಲವತ್ತು ಅಡಿ, ಅಗಲ ಇಪ್ಪತ್ತು ಅಡಿ. ಕುಚ್ಚಲಕ್ಕಿ, ಬೆಳ್ತಿಗೆ, ಬೇಳೆಕಾಳು, ಒಣಮೆಣಸು, ಕೊತ್ತಂಬರಿ, ರಮಝಾನ್ ಹತ್ತಿರ ಬಂದರೆ ಖರ್ಜೂರ. ಊರಿನ ಸಣ್ಣಪುಟ್ಟ ಅಂಗಡಿಯವರು ಬಂದು ರಖಂ ಲೆಕ್ಕದಲ್ಲಿ ಒಯ್ಯುತ್ತಿದ್ದರು. ಯಾವ ಚೀಲ ಯಾವ ತಿಂಗಳಲ್ಲಿ ಬಂತು, ಯಾರಿಗೆ ಎಷ್ಟು ಹೋಯಿತು, ಪಕ್ಕದ ಅಂಗಡಿಯವರು ಕೈಗಡವಾಗಿ ಒಯ್ದ ಎರಡು ಮೂಟೆ ವಾಪಸು ಬಂತೇ ಎಂಬುದೆಲ್ಲ ಮಾವನವರ ತಲೆಯಲ್ಲಿತ್ತು. 2016ರಲ್ಲಿ ಅವರು ಅಲ್ಲಾಹನ ಕರೆಗೆ ಓಗೊಟ್ಟರು. ಆ ತಲೆಯೊಂದಿಗೆ ಲೆಕ್ಕವೂ ಹೋಯಿತು.

ಆಗ ನಡೆದ ಒಂದು ವಿಷಯ ಇಲ್ಲಿ ಹೇಳಬೇಕು. ಪಾಲು ಮಾಡುವ ಹೊತ್ತಿಗೆ ಗೋಡೌನಿನಲ್ಲಿ ಎಷ್ಟು ಮಾಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕಣ್ಣಳತೆಯಲ್ಲಿ ಒಂದು ಮೊತ್ತ ಹಿಡಿದು, ಅದರಲ್ಲಿ ನಾದಿನಿಯರಿಗೆ ಅವರ ಪಾಲು ಕೊಟ್ಟೆವು. ಶರೀಅತ್‌ನಂತೆ ಕೊಟ್ಟೆವೆಂಬ ಸಮಾಧಾನವೂ ನಮಗಿತ್ತು. ಹೆಣ್ಣುಮಕ್ಕಳ ಭಾಗ ಇಷ್ಟೆಂದು ಕುರ್‌ಆನ್ ಖಚಿತವಾಗಿ ಹೇಳಿದೆ. ಆದರೆ ಯಾವುದರಲ್ಲಿ ಭಾಗ ಮಾಡಬೇಕೋ ಆ ಒಟ್ಟು ಮೊತ್ತವೇ ಅಂದಾಜಾದರೆ ಆ ಭಾಗಕ್ಕೇನು ಅರ್ಥ? ನಾದಿನಿಯರು ಒಂದು ಮಾತೂ ಆಡಲಿಲ್ಲ. ನಮ್ಮ ಅಂದಾಜು ಸರಿಯಿತ್ತೋ ಇಲ್ಲವೋ ಎಂದು ಇಂದಿಗೂ ಹೇಳಲಾರೆವು.

ಆಮೇಲೆ ವ್ಯಾಪಾರವನ್ನು ನಮ್ಮವರೂ ಮೈದುನನೂ ಜೊತೆಯಾಗಿ ನಡೆಸಿದರು. ಅಂಗಡಿಯಲ್ಲಿ ನಮ್ಮವರು, ಗೋಡೌನಿನಲ್ಲಿ ಮೈದುನ. ಮತ್ತೆ ಕಾಕ. ಎಲ್ಲರೂ ಅವರನ್ನು ಕಾಕ ಎಂದೇ ಕರೆಯುತ್ತಿದ್ದುದರಿಂದ ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಗೋಡೌನಿನ ಬೀಗದ ಕೈ ಅವರ ಸೊಂಟದಲ್ಲಿತ್ತು. ಬೆಳಿಗ್ಗೆ ತೆರೆಯುವವರು ಅವರು, ಮಗ್‌ರಿಬ್‌ಗೆ ಮುನ್ನ ಮುಚ್ಚುವವರು ಅವರು. ಕನ್ನಡ ಓದಲು ಬಾರದು, ಅಂಕಿ ಬರುತ್ತದೆ. ಚೀಲದ ಮೇಲೆ ಕೈಯಿಟ್ಟರೆ ಒಳಗಿನ ಅಕ್ಕಿ ಹೊಸತೋ ಹಳತೋ ಹೇಳುತ್ತಿದ್ದರು.

ವರ್ಷಕ್ಕೊಮ್ಮೆ ವ್ಯಾಪಾರದ ಮಾಲಿನ ಮೇಲೆ ಶೇಕಡಾ 2.5ರಷ್ಟು ಝಕಾತ್ ಕೊಡಬೇಕೆಂದು ನಿಮಗೆಲ್ಲ ಗೊತ್ತು. ನಮ್ಮ ಮನೆಯಲ್ಲಿ ಅದನ್ನೂ ಅಂದಾಜಿನಲ್ಲಿಯೇ ಕೊಡುತ್ತಿದ್ದರು. "ಸ್ವಲ್ಪ ಹೆಚ್ಚೇ ಕೊಡೋಣ, ಅಲ್ಲಾಹನು ಸ್ವೀಕರಿಸಲಿ" ಎನ್ನುತ್ತಿದ್ದರು. ಹೆಚ್ಚಾಯಿತೆಂದು ಗೊತ್ತಾಗಬೇಕಾದರೂ ಎಷ್ಟಾಗಬೇಕಿತ್ತೆಂದು ಗೊತ್ತಿರಬೇಡವೇ? ಮದ್ರಸದಲ್ಲಿ ಮಕ್ಕಳಿಗೆ ಝಕಾತ್‌ನ ಪಾಠ ಮಾಡುವವಳು ನಾನು. ಒಂದು ವರ್ಷವಾದರೂ ಎಣಿಸಿ ಕೊಡೋಣ ಎಂದು ಹಠ ಹಿಡಿದವಳೂ ನಾನೇ. 2023ರ ರಮಝಾನಿಗೆ ನಾಲ್ಕು ದಿನವಿರುವಾಗ ಗೋಡೌನಿನ ಬಾಗಿಲು ಹಾಕಿಕೊಂಡು ಮೊದಲ ಬಾರಿಗೆ ಎಲ್ಲವನ್ನೂ ಎಣಿಸಿದರು.

ಪುಸ್ತಕದಲ್ಲಿ ಏಳು ಚೀಲ ಮೆಣಸಿತ್ತು. ಗೋಡೌನಿನಲ್ಲಿದ್ದದ್ದು ಐದು.

ಒಣಮೆಣಸಲ್ಲ, ಒಳ್ಳೆಮೆಣಸು, ಐವತ್ತು ಕಿಲೋದ ಚೀಲ. ಎರಡು ಚೀಲವೆಂದರೆ ಅಂದಿನ ದರದಲ್ಲಿ ಸುಮಾರು 50,000 ರೂಪಾಯಿ. ಅಕ್ಕಿಯಲ್ಲೂ ಬೇಳೆಯಲ್ಲೂ ಹೆಚ್ಚುಕಡಿಮೆ ಬಂದಿತ್ತು, ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಆದರೆ ಒಳ್ಳೆಮೆಣಸು ಹೆಗ್ಗಣ ತಿನ್ನುವ ವಸ್ತುವಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಯಾರೂ ಕಾಕನ ಹೆಸರೆತ್ತಲಿಲ್ಲ. ಎಲ್ಲರ ಮನಸ್ಸಿನಲ್ಲಿ ಬೀಗದ ಕೈ ಇತ್ತು. ಆಗ ನನ್ನ ಬಾಯಿಂದ ಒಂದು ಮಾತು ಬಂತು. "ಅವರ ಮಗಳ ಮದುವೆ ಹೋದ ವರ್ಷವಷ್ಟೇ ಆಯಿತಲ್ಲ."

ಅಷ್ಟೇ ಹೇಳಿದ್ದು. ಅದಕ್ಕಿಂತ ಹೆಚ್ಚು ಹೇಳಬೇಕಾಗಿಯೂ ಇರಲಿಲ್ಲ. ಗುಮಾನಿಯಿಂದ ದೂರವಿರಬೇಕು, ಇನ್ನೊಬ್ಬರ ಬೆನ್ನ ಹಿಂದೆ ಆಡಿಕೊಳ್ಳಬಾರದು ಎಂದು ತಾಕೀತು ಮಾಡುವ ಸೂರಃ ಅಲ್ ಹುಜುರಾತ್‌ನ 12ನೇ ವಚನವನ್ನು ಎಷ್ಟು ವರ್ಷಗಳಿಂದ ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ಅನ್ನದ ಬಟ್ಟಲಿನ ಮುಂದೆ ಅದು ನೆನಪಾಗಲಿಲ್ಲ.

ಮರುದಿನ ಮೈದುನ ಕಾಕನೊಡನೆ ಬಹಳ ಮೃದುವಾಗಿ ಮಾತಾಡಿದನಂತೆ. "ವಯಸ್ಸಾಯಿತಲ್ಲ ಕಾಕ, ಉಪವಾಸದಲ್ಲಿ ಇಷ್ಟು ದುಡಿಯುವುದು ಬೇಡ, ಮನೆಯಲ್ಲಿರಿ, ಸಂಬಳ ಅಲ್ಲಿಗೇ ಕಳಿಸುತ್ತೇವೆ." ಕಾಕ ಒಂದು ಮಾತಾಡದೆ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟು ಹೋದರು. ಖರ್ಜೂರದ ಅತಿ ಹೆಚ್ಚು ವ್ಯಾಪಾರವಾಗುವ ತಿಂಗಳದು. ಯಾವ ಪೆಟ್ಟಿಗೆ ಎಲ್ಲಿದೆಯೆಂದು ತಿಳಿಯದೆ ಹುಡುಗರು ತಡಕಾಡಿದರು. ಹೊಸ ಪೆಟ್ಟಿಗೆಗಳನ್ನು ಒಡೆದು ಮಾರಿದರು, ಹಳೆಯವು ಹಿಂದೆಯೇ ಉಳಿದು ಜಿಬುರಾದವು.

ಶಾಲೆಗೆ ಬೇಸಿಗೆ ರಜೆ ಸಿಕ್ಕಿದ ಮೇಲೆ ನಾನು ಎರಡೂ ಪುಸ್ತಕ ಮನೆಗೆ ತರಿಸಿದೆ. ಎರಡು ಪುಸ್ತಕವೆಂದೆನಲ್ಲ, ತೊಂದರೆ ಅಲ್ಲಿಯೇ ಇತ್ತು. ಗೋಡೌನಿನಲ್ಲಿ ಮೈದುನನ ಕಪ್ಪು ನೋಟುಪುಸ್ತಕ, ಅಂಗಡಿಯಲ್ಲಿ ನಮ್ಮವರ ಉದ್ದ ಲೆಕ್ಕಪುಸ್ತಕ. ಮಾಲು ಇಳಿದ ದಿನ ಮೈದುನ ಬರೆಯುತ್ತಿದ್ದ. ಬಿಲ್ಲು ಬಂದ ದಿನ ನಮ್ಮವರು ಬರೆಯುತ್ತಿದ್ದರು. ಜನವರಿಯಲ್ಲಿ ಒಂದು ದಿನ ಕಪ್ಪು ಪುಸ್ತಕದಲ್ಲಿ "ಒಳ್ಳೆಮೆಣಸು 2" ಎಂದಿತ್ತು. ನಾಲ್ಕು ದಿನ ಬಿಟ್ಟು ಉದ್ದ ಪುಸ್ತಕದಲ್ಲಿ "ಕರಿಮೆಣಸು 2" ಎಂದಿತ್ತು. ಬಿಲ್ಲುಗಳ ಕಟ್ಟು ಬಿಚ್ಚಿ ನೋಡಿದೆ, ಒಂದೇ ಬಿಲ್ಲು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹಣ ಹೋದದ್ದು ಒಂದೇ ಸಲ. ಎಣಿಕೆಯ ದಿನ ಎರಡೂ ಪುಸ್ತಕ ಕೂಡಿಸಿದ ಹುಡುಗನಿಗೆ ಒಳ್ಳೆಮೆಣಸೂ ಕರಿಮೆಣಸೂ ಒಂದೇ ಎಂದು ಗೊತ್ತಿತ್ತು. ಆದರೆ ಅವು ಒಂದೇ ಎರಡು ಚೀಲಗಳೆಂದು ಗೊತ್ತಿರಲಿಲ್ಲ.

ಆ ಎರಡು ಚೀಲ ಕಳವಾಗಿರಲಿಲ್ಲ ಸಹೋದರಿಯರೇ. ಅವು ಬಂದೇ ಇರಲಿಲ್ಲ.

ಪುಸ್ತಕ ಮುಚ್ಚಿ ಎಷ್ಟೋ ಹೊತ್ತು ಹಾಗೆಯೇ ಕೂತಿದ್ದೆ. ಒಂದು ವಸ್ತುವಿಗೆ ಎರಡು ಹೆಸರು, ಒಂದು ಬರವಿಗೆ ಎರಡು ಕಡೆ ಬರಹ. ಇಷ್ಟಕ್ಕೆ ಒಬ್ಬ ಮನುಷ್ಯನ ಇಪ್ಪತ್ತು ವರ್ಷದ ಮಾನ ಮೇಜಿನ ಮೇಲೆ ಹೋಯಿತು.

ಕೊನೆಯ ಹತ್ತರ ಒಂದು ರಾತ್ರಿ, ತರಾವೀಹ್ ಮುಗಿಸಿ ನಾವಿಬ್ಬರೂ ಕಾಕನ ಮನೆಗೆ ಹೋದೆವು. ನಡೆದದ್ದನ್ನು ನಮ್ಮವರು ಹೇಳಿದರು. ನಾನು ಆಡಿದ ಮಾತನ್ನು ನಾನೇ ಹೇಳಿದೆ. ಅವರ ಹೆಂಡತಿ ಚಹಾ ತಂದವರು ಬಾಗಿಲಲ್ಲೇ ನಿಂತರು. ಕಾಕ ತುಂಬ ಹೊತ್ತು ಸುಮ್ಮನಿದ್ದು ಹೇಳಿದರು:

"ಬೀಗದ ಕೈ ಕೊಟ್ಟ ದಿನ, ಭಾರ ಇಳಿಯಿತು ಅಂತ ಇವಳಿಗೆ ಹೇಳಿದೆ ಮಗಳೇ. ಸುಳ್ಳು ಹೇಳಿದೆ."

ನಮ್ಮವರು ಅವರ ಕೈ ಹಿಡಿದು, ನಾಳೆಯೇ ಬನ್ನಿ, ನಿಮ್ಮ ಮೇಲೆ ನಮಗೆ ಪೂರ್ತಿ ವಿಶ್ವಾಸವಿದೆ ಎಂದರು. ಆಗ ಕಾಕ ಹೇಳಿದ ಮಾತಿಗಾಗಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ. "ಬರ್ತೇನೆ. ಆದ್ರೆ ವಿಶ್ವಾಸ ಅಂತ ಹೇಳಿ ಬರೆಯದೆ ಬಿಡ್ಬೇಡಿ. ನಿಮ್ಮ ವಿಶ್ವಾಸ ಒಂದು ರಾತ್ರಿಯಲ್ಲಿ ಮುಗೀತು. ಬರೆದದ್ದಾದ್ರೆ ಉಳೀತಿತ್ತು."

ನಮ್ಮಲ್ಲಿ ಹೆಚ್ಚಿನವರು ತಿಳಿದಿರುವುದು ಇದಕ್ಕೆ ತಿರುಗುಮುರುಗು. ನಮ್ಮವರೊಳಗೆ ಬರೆಯುವುದೆಂದರೆ ಅಪನಂಬಿಕೆ ಎಂದುಕೊಳ್ಳುತ್ತೇವೆ. ಅಣ್ಣತಮ್ಮಂದಿರ ನಡುವೆ ಲೆಕ್ಕ ಕೇಳಿದರೆ ಮುಖ ಸಿಂಡರಿಸುತ್ತೇವೆ. ಪವಿತ್ರ ಕುರ್‌ಆನಿನ ಅತ್ಯಂತ ಉದ್ದದ ವಚನ ಯಾವುದರ ಬಗ್ಗೆ ಎಂದು ಮಕ್ಕಳನ್ನು ಕೇಳಿದರೆ ನಮಾಝ್ ಎನ್ನುತ್ತಾರೆ, ಉಪವಾಸ ಎನ್ನುತ್ತಾರೆ. ಅದು ಅಲ್ ಬಕರಃದ 282ನೇ ವಚನ, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು, ಹಾಗೆ ಬರೆಯುವುದು ಸಂಶಯಕ್ಕೆ ಬೀಳದಂತೆ ಕಾಯುತ್ತದೆ ಎಂಬುದು ಅದರ ಆಶಯ. ಬರೆಯುವವನಿಗೂ ಸಾಕ್ಷಿಗೂ ತೊಂದರೆ ಕೊಡಬಾರದೆಂದೂ ಅಲ್ಲಿಯೇ ಇದೆ. ಕೈಯಿಂದ ಕೈಗೆ ನಡೆಯುವ ವ್ಯಾಪಾರಕ್ಕೆ ರಿಯಾಯಿತಿಯನ್ನೂ ಕೊಡಲಾಗಿದೆ. ಆದರೆ ಪಕ್ಕದ ಅಂಗಡಿಗೆ ಕೊಟ್ಟ ಕೈಗಡ ಸಾಲವಲ್ಲದೆ ಮತ್ತೇನು?

ಹದೀಸ್ ಓದಿದವರಿಗೆ ಸನದ್ ಎಂದರೇನೆಂದು ಗೊತ್ತು. ಯಾರಿಂದ ಯಾರು ಕೇಳಿದರು ಎಂಬ ಸರಪಳಿ. ನಡುವೆ ಒಂದು ಕೊಂಡಿ ಬಿಟ್ಟುಹೋದರೆ, ಮಾತು ಎಷ್ಟೇ ಚೆನ್ನಾಗಿರಲಿ, ವಿದ್ವಾಂಸರು ಆ ವರದಿಯನ್ನು ದುರ್ಬಲವೆನ್ನುತ್ತಾರೆ. ಒಂದು ಚೀಲಕ್ಕೂ ಸನದ್ ಬೇಕೆಂದು ನನಗನ್ನಿಸಿದ್ದು ಆ ರಾತ್ರಿ ಕಾಕನ ಮನೆಯಿಂದ ಹಿಂತಿರುಗುವಾಗ. ಲಾರಿಯಿಂದ ಇಳಿಸಿದವರಾರು, ಎಣಿಸಿದವರಾರು, ಒಯ್ದವರಾರು?

ದಾರಿ ತೋರಿಸಿದ್ದು ನಾದಿನಿಯ ಮಗ. ಜುಬೈಲ್‌ನಲ್ಲಿ ಒಂದು ದೊಡ್ಡ ಗೋದಾಮಿನಲ್ಲಿ ಕೆಲಸದಲ್ಲಿದ್ದವನು ಈದ್‌ಗೆ ರಜೆಯಲ್ಲಿ ಬಂದಿದ್ದ. "ಮಾಮಿ, ನಮ್ಮಲ್ಲಿ ನೇಪಾಳದವರು, ಫಿಲಿಪೈನ್ಸ್‌ನವರು, ಪಾಕಿಸ್ತಾನದವರು, ಮಲಯಾಳಿಗಳು. ಒಬ್ಬನ ಭಾಷೆ ಇನ್ನೊಬ್ಬನಿಗೆ ಬರುವುದಿಲ್ಲ. ಆದರೂ ರಾತ್ರಿ ಪಾಳಿಯವನು ಇಟ್ಟ ಪೆಟ್ಟಿಗೆಯನ್ನು ಬೆಳಗಿನವನು ಎರಡು ನಿಮಿಷದಲ್ಲಿ ತೆಗೆಯುತ್ತಾನೆ" ಎಂದ. ಪ್ರತಿ ವಸ್ತುವಿಗೆ ಒಂದೇ ಹೆಸರು, ಪ್ರತಿ ಜಾಗಕ್ಕೆ ಒಂದು ನಂಬರು, ಪ್ರತಿ ಸಾಲಿಗೆ ನೇತುಹಾಕಿದ ಒಂದು ಕಾರ್ಡು. ಬಂದದ್ದು, ಹೋದದ್ದು, ಉಳಿದದ್ದು. ಇದೆಲ್ಲದರ ಹಿಂದೆ ಜಪಾನಿನ ಕಾರು ಕಾರ್ಖಾನೆಗಳ ಪಾಠವಿದೆ ಎಂದು ಅವನ ತರಬೇತಿಯಲ್ಲಿ ಹೇಳಿದ್ದರಂತೆ. ಟೊಯೋಟಾದ ತೈಚಿ ಓನೊ ಎಂಬ ಎಂಜಿನಿಯರ್ 1956ರಲ್ಲಿ ಅಮೆರಿಕಕ್ಕೆ ಹೋಗಿದ್ದಾಗ ಕಾರ್ಖಾನೆಗಳ ಜೊತೆಗೆ ಅಲ್ಲಿನ ಸೂಪರ್ ಮಾರ್ಕೆಟ್ಟುಗಳನ್ನೂ ನೋಡಿದರು. ಗಿರಾಕಿ ತೆಗೆದುಕೊಂಡಷ್ಟನ್ನೇ ಮತ್ತೆ ಕಪಾಟಿಗೆ ತುಂಬುವ ಕ್ರಮ ಅವರಿಗೆ ಅದಕ್ಕೂ ಮೊದಲೇ ಹಿಡಿಸಿತ್ತು. ತಮ್ಮ ಕಾರ್ಖಾನೆಯಲ್ಲಿ ಅದನ್ನೇ ಚೀಟಿಗಳ ಮೂಲಕ ನಡೆಸಿದರು. ಕಾನ್‌ಬನ್ ಎಂಬುದು ಆ ಚೀಟಿಯ ಹೆಸರು. ಅಂದರೆ ಜಗತ್ತಿನ ಅಷ್ಟು ದೊಡ್ಡ ಕಾರ್ಖಾನೆ ಪಾಠ ಕಲಿತದ್ದು ದಿನಸಿ ಅಂಗಡಿಯಿಂದ! ದಿನಸಿಯವರಾದ ನಮಗೇ ಅದು ತಲುಪಿರಲಿಲ್ಲ.

ಮೊದಲು ಹೆಸರಿನ ಪಟ್ಟಿ ಮಾಡಿದೆವು. ಸುಲಭವೆಂದುಕೊಂಡಿದ್ದೆ, ಎರಡು ದಿನ ಹಿಡಿಯಿತು. ನಮ್ಮ ಕರಾವಳಿಯಲ್ಲಿ ಬರೀ ಮೆಣಸೆಂದರೆ ಒಣಮೆಣಸು. ಘಟ್ಟದ ಮೇಲಿನವರಿಗೆ ಅದು ಮೆಣಸಿನಕಾಯಿ, ಮೆಣಸೆಂದರೆ ಕರಿಮೆಣಸು. ಅದನ್ನೇ ಕೆಲವರು ಕಾಳುಮೆಣಸೆನ್ನುತ್ತಾರೆ, ನಾವು ಒಳ್ಳೆಮೆಣಸೆನ್ನುತ್ತೇವೆ, ಬಿಲ್ಲಿನಲ್ಲಿ ಬ್ಲ್ಯಾಕ್ ಪೆಪ್ಪರ್ ಎಂದಿರುತ್ತದೆ. ಕುಚ್ಚಲಕ್ಕಿಗೆ ಮಿಲ್ಲಿಗೊಂದು ಹೆಸರು. ನಮ್ಮವರು ಬಿಲ್ಲಿನ ಹೆಸರನ್ನೇ ಇಡೋಣ ಎಂದರು. ನಾನು ಒಪ್ಪಲಿಲ್ಲ. ಚೀಲ ಎತ್ತುವವರ ಬಾಯಲ್ಲಿ ಯಾವ ಹೆಸರಿದೆಯೋ ಅದೇ ಪುಸ್ತಕಕ್ಕೂ ಬರಬೇಕು, ಅವರಿಗೆ ತಿಳಿಯದ ಹೆಸರನ್ನು ಗೋಡೆಗೆ ಅಂಟಿಸಿ ಏನು ಫಲ? ಕೊನೆಗೆ 46 ವಸ್ತುಗಳಿಗೆ 46 ಹೆಸರು ನಿಂತವು. ಒಳ್ಳೆಮೆಣಸು ಒಳ್ಳೆಮೆಣಸಾಗಿಯೇ ಉಳಿಯಿತು.

ಆಮೇಲೆ ಲೆಕ್ಕವನ್ನು ಚೀಲದಿಂದ ಕಿಲೋಗೆ ಬದಲಿಸಿದೆವು. ಒಂದು ಚೀಲ ಅಕ್ಕಿ ಎಂದರೆ ಎಷ್ಟು? ಐವತ್ತೇ? ಇಪ್ಪತ್ತೈದೇ? 2022ರ ಜುಲೈ 18ರಿಂದ, ಹೆಸರು ಮುದ್ರಿಸಿ ಪ್ಯಾಕ್ ಮಾಡಿದ 25 ಕಿಲೋವರೆಗಿನ ಅಕ್ಕಿಗೆ ಶೇಕಡಾ 5 ಜಿಎಸ್‌ಟಿ ಬಂತು. ಅದರ ಬೆನ್ನಿಗೇ ಕೆಲವು ಮಿಲ್ಲುಗಳವರು 26 ಕಿಲೋದ ಚೀಲ ತಂದರು. ನೋಡಲು ಎರಡೂ ಒಂದೇ. ಬೇಳೆ ಅಕ್ಕಿಯಲ್ಲಿ ನಮಗೆ ಬಂದ ಹೆಚ್ಚುಕಡಿಮೆಯ ಒಂದು ಪಾಲು ಈ ಒಂದು ಕಿಲೋದಲ್ಲಿ ಅಡಗಿತ್ತು. ಈಗ ತಕ್ಕಡಿಯನ್ನು ಬಾಗಿಲ ಬಳಿಯೇ ಇಟ್ಟಿದ್ದೇವೆ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಿದ್ದು. ಬೆಲೆಬಾಳುವ ವಸ್ತುವಿನ ಪ್ರತಿ ಚೀಲವನ್ನೂ ತೂಗುತ್ತಾರೆ, ಅಕ್ಕಿಯಾದರೆ ಲೋಡಿಗೆ ಮೂರು.

ಬಾಗಿಲ ಒಳಗೆ ನೆಲದ ಮೇಲೆ ಒಂದು ಹಳದಿ ಗೆರೆ ಎಳೆಸಿದೆವು. ಆ ಗೆರೆ ದಾಟುವ ಯಾವುದಕ್ಕೂ ಚೀಟಿ ಬೇಕು. ಬಂದದ್ದನ್ನು ಬಂದ ಕ್ಷಣದಲ್ಲೇ, ಗೆರೆಯ ಬಳಿ ನಿಂತವರೇ ಬರೆಯಬೇಕು. ಬಿಲ್ಲು ಆಮೇಲೆ ಯಾವಾಗಲಾದರೂ ಬರಲಿ, ಅದರ ಮೇಲೆ ಚೀಟಿಯ ನಂಬರು ಬರೆಯಬೇಕೇ ಹೊರತು ಇನ್ನೊಮ್ಮೆ ಮಾಲು ಬರೆಯುವಂತಿಲ್ಲ. ಶಾಲೆಯಲ್ಲಿ ಹಾಜರಿ ಕರೆಯುವ ಕ್ರಮವೇ ಇದು. ಸಂಜೆ ನೆನಪಿನಿಂದ ಹಾಜರಿ ತುಂಬುವ ಟೀಚರನ್ನು ಯಾವ ಹೆಡ್‌ಮಾಸ್ಟರರಾದರೂ ಬಿಟ್ಟಾರೇ?

ಎಲ್ಲವೂ ಮೊದಲ ದಿನವೇ ಸರಿಹೋಯಿತೆಂದುಕೊಳ್ಳಬೇಡಿ. ನಾನು ತಯಾರಿಸಿದ ಮೊದಲ ಚೀಟಿಯಲ್ಲಿ ಒಂಬತ್ತು ಕಾಲಂಗಳಿದ್ದವು. ಲಾರಿ ನಂಬರು, ಹಮಾಲಿ, ಮಿಲ್ಲಿನ ಹೆಸರು, ಏನೇನೋ. ಬಿ.ಎ. ಮಾಡಿದ ಹೆಮ್ಮೆಯೆಲ್ಲ ಆ ಚೀಟಿಯಲ್ಲಿತ್ತು. ಒಂದು ವಾರದಲ್ಲಿ ಅರ್ಧಕ್ಕರ್ಧ ಚೀಟಿ ಖಾಲಿ ಬಂದವು. ಬೆವರು ಸುರಿಯುವ ಕೈಯಲ್ಲಿ ಒಂಬತ್ತು ಕಾಲಂ ಯಾರು ತುಂಬುತ್ತಾರೆ? ನಾಲ್ಕಕ್ಕೆ ಇಳಿಸಿದೆ. ತಾರೀಕು, ವಸ್ತು, ಕಿಲೋ, ಸಹಿ. ವಸ್ತುವಿನ ಹೆಸರಿನ ಬದಲು ಅದರ ನಂಬರನ್ನೂ ಬರೆಯಬಹುದೆಂದು ಮಾಡಿದೆವು, ಕಾಕನಿಗಾಗಿ. ಆಮೇಲೆ ನೋಡಿದರೆ ಓದುಬಲ್ಲ ಹುಡುಗರೂ ನಂಬರನ್ನೇ ಬರೆಯುತ್ತಿದ್ದರು.

ಹಳೆಯ ಮಾಲು ಮೊದಲು ಹೋಗಬೇಕೆಂಬುದು ಎಲ್ಲರಿಗೂ ಗೊತ್ತಿರುವ ಮಾತು. ಆಹಾರ ವ್ಯಾಪಾರದ ಲೈಸೆನ್ಸಿಗೆ ಸಂಬಂಧಿಸಿದ 2011ರ ನಿಯಮಗಳೂ ಅದನ್ನೇ ಕೇಳುತ್ತವೆ. ಆದರೆ ಹೊಸ ಮೂಟೆಯನ್ನು ಹಳೆಯದರ ಮೇಲೆ ಪೇರಿಸುವುದು ಸುಲಭ, ತೆಗೆಯುವಾಗ ಮೇಲಿನದನ್ನೇ ತೆಗೆಯುವುದು ಇನ್ನೂ ಸುಲಭ. ಅಡಿಯಲ್ಲಿರುವುದಕ್ಕೆ ಹುಳ ಹಿಡಿಯುತ್ತದೆ. ಇದಕ್ಕೆ ಕಾಕನೇ ಉಪಾಯ ಹೇಳಿದರು. ಮೂರು ತಿಂಗಳಿಗೊಂದು ಬಣ್ಣದ ದಾರ. ಚೀಲದ ಬಾಯಿಗೆ ಕಟ್ಟಿದ ದಾರ ನೋಡಿದರೆ ಸಾಕು, ಯಾವುದು ಮೊದಲು ಹೊರಡಬೇಕೆಂದು ತಿಳಿಯುತ್ತದೆ. ಪ್ರತಿ ವಸ್ತುವಿಗೆ ಎರಡು ಅಟ್ಟಿ, ಒಂದು ಖಾಲಿಯಾಗುವವರೆಗೆ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲ್ಲಿಮೀಟರಿಗೂ ಹೆಚ್ಚು ಮಳೆ. ಗೋಡೆ ಬೆವರುತ್ತದೆ, ನೆಲ ಬೆವರುತ್ತದೆ. ಈಗ ಅಟ್ಟಿಗಳೆಲ್ಲ ಮರದ ಹಲಗೆಗಳ ಮೇಲಿವೆ, ಗೋಡೆಗೂ ಅಟ್ಟಿಗೂ ನಡುವೆ ಒಬ್ಬ ಮನುಷ್ಯ ಅಡ್ಡವಾಗಿ ನಡೆದುಹೋಗುವಷ್ಟು ಜಾಗ. ಹತ್ತು ಚೀಲ ಇಡುವ ಕಡೆ ಎಂಟು ಹಿಡಿಯುತ್ತವೆ ಎಂದು ಮೈದುನ ಗೊಣಗಿದ. ಪ್ರವಾದಿ(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ತೂರಿಸಿ, ಬೆರಳಿಗೆ ಒದ್ದೆ ತಾಗಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಏಕೆ ಇಡಲಿಲ್ಲವೆಂದು ಕೇಳಿದ ಪ್ರಸಂಗ ಸಹೀಹ್ ಮುಸ್ಲಿಮ್‌ನಲ್ಲಿದೆ. ಆ ವ್ಯಾಪಾರಿ ಮಳೆಯ ನೆಪ ಹೇಳಿದ್ದ. ಮಳೆಗೆ ನಾವು ಹೊಣೆಯಲ್ಲ ನಿಜ. ಒದ್ದೆ ಚೀಲ ಅಡಿಯಲ್ಲಿ ಉಳಿದರೆ ನಾವೇ ಹೊಣೆ.

ಪ್ರತಿ ಗುರುವಾರ ಐದು ವಸ್ತುಗಳನ್ನು ಮಾತ್ರ ಎಣಿಸುತ್ತಾರೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಎಣಿಸಿ ಬೆಚ್ಚಿಬೀಳುವ ಬದಲು ವಾರಕ್ಕೆ ಐದು. ಆ ವಾರ ಕಾರ್ಡು ಬರೆದವನು ಎಣಿಸುವಂತಿಲ್ಲ, ಬೇರೊಬ್ಬನೇ ಎಣಿಸಬೇಕು. ತಪ್ಪು ಸಿಕ್ಕಿದರೆ ಯಾರದೆಂದು ಕೇಳುವ ಮೊದಲು ಎಲ್ಲಿ ಎಂದು ಕೇಳಬೇಕು. ಇದನ್ನು ನಾನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದೇನೆ. ನನಗಾಗಿಯೇ ಅಂಟಿಸಿದ್ದು.

ಇನ್ನು ಉಳಿದದ್ದು ಎಲ್ಲಕ್ಕಿಂತ ಕಷ್ಟದ ಬಾಗಿಲು. ಅದು ಗೋಡೌನಿನದಲ್ಲ, ನಮ್ಮ ಅಡುಗೆಮನೆಯದು. ಹಳೆಯ ಲೆಕ್ಕವನ್ನೆಲ್ಲ ಜಾಲಾಡಿದಾಗ ತಿಳಿದದ್ದೇನೆಂದರೆ, ಬರೆಯದೆ ಹೋಗುತ್ತಿದ್ದ ಮಾಲಿನಲ್ಲಿ ಬಹುಪಾಲು ಬರುತ್ತಿದ್ದದ್ದು ನಮ್ಮ ಮನೆಗಳಿಗೇ. ಅತ್ತೆ ಹುಡುಗನನ್ನು ಕಳಿಸಿ ಅಕ್ಕಿ ತರಿಸುತ್ತಿದ್ದರು, ನಾನು ಬೇಳೆ ತರಿಸುತ್ತಿದ್ದೆ, ಓರಗಿತ್ತಿ ಮಸಾಲೆಗೆ ಕೊತ್ತಂಬರಿ ತರಿಸುತ್ತಿದ್ದಳು. ಮಸೀದಿಯ ಇಫ್ತಾರ್‌ಗೆಂದು ಖರ್ಜೂರ, ಬಾಗಿಲಿಗೆ ಬಂದ ಬಡ ಹೆಂಗಸಿಗೆಂದು ಹತ್ತು ಕಿಲೋ ಅಕ್ಕಿ. ದಾನ ಮಾಡುವುದು ಒಳ್ಳೆಯದೇ. ಆದರೆ ಪಾಲುದಾರಿಕೆಯ ಮಾಲಿನಿಂದ ಇನ್ನೊಬ್ಬ ಪಾಲುದಾರನಿಗೆ ತಿಳಿಸದೆ ನಾನು ಮಾಡಿದ ದಾನ ನನ್ನದೇ, ಅವನದೇ? ಮೂರು ಜನ ಹೆಂಗಸರು ಲೆಕ್ಕವಿಲ್ಲದೆ ತರಿಸಿದ್ದಕ್ಕೂ ಬೀಗದ ಕೈ ಹಿಡಿದವರೇ ಉತ್ತರ ಕೊಡಬೇಕಾಗಿತ್ತಲ್ಲವೇ?

ಮನೆಗೆ ತರುವುದಕ್ಕೂ ಚೀಟಿ ಎಂದಾಗ ಅತ್ತೆಗೆ ಬಹಳ ನೋವಾಯಿತು. "ನನ್ನ ಗಂಡ ಕಟ್ಟಿದ ಗೋಡೌನು. ನನ್ನ ಗಂಜಿಯ ಅಕ್ಕಿಗೂ ಚೀಟಿಯಾ?" ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ನಾನು ವಾದಿಸಲಿಲ್ಲ. ಕಾಕನ ವಿಷಯದಲ್ಲಿ ನಡೆದದ್ದನ್ನು ಅವರಿಗೆ ಯಾರೂ ಪೂರ್ತಿ ಹೇಳಿರಲಿಲ್ಲ, ನಾನಾಡಿದ ಮಾತು ಸಹಿತ ಎಲ್ಲವನ್ನೂ ಹೇಳಿದೆ. ಕೇಳಿ ಅವರು ಎದ್ದು ಒಳಗೆ ಹೋದರು. ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಹುಡುಗನನ್ನು ಕರೆದು, "ಐದು ಕಿಲೋ ಬೆಳ್ತಿಗೆ. ಬರೆದುಕೊಂಡು ಬಾ" ಎಂದದ್ದು ನನಗೆ ಕೇಳಿಸಿತು. ಅಂದಿನಿಂದ ಎರಡೂ ಮನೆಯ ಅಡುಗೆಮನೆಯಲ್ಲಿ ಒಂದೊಂದು ಸಣ್ಣ ಪುಸ್ತಕ ಮೊಳೆಗೆ ನೇತಾಡುತ್ತದೆ. ತಿಂಗಳ ಕೊನೆಗೆ ಆಯಾ ಮನೆಯ ಲೆಕ್ಕಕ್ಕೆ ಹಣ ಮುರಿಯುತ್ತಾರೆ.

ಮದ್ರಸದಲ್ಲಿ ಯೂಸುಫ್(ಅ)ರ ಕಥೆ ಹೇಳುವಾಗ ಮಕ್ಕಳು ಬಾವಿ, ತೋಳ, ಕನಸುಗಳನ್ನೇ ಕೇಳಬಯಸುತ್ತಾರೆ. ನಾನು ಈಗ ಉಗ್ರಾಣದ ಭಾಗದಲ್ಲಿ ಸ್ವಲ್ಪ ಹೆಚ್ಚು ನಿಲ್ಲುತ್ತೇನೆ. ಏಳು ವರ್ಷದ ಬೆಳೆಯನ್ನು ತೆನೆಯಲ್ಲೇ ಇರಿಸಲು ಹೇಳಿದವರು ಅವರು. ರಾಜನ ಬಳಿ ಭಂಡಾರದ ಹೊಣೆ ಕೇಳುವಾಗ ಅವರು ತಮ್ಮ ಎರಡು ಅರ್ಹತೆಗಳನ್ನು ಹೇಳಿಕೊಂಡರು, ಕಾಯಬಲ್ಲೆ ಮತ್ತು ಬಲ್ಲೆ. ಕಾಕನಲ್ಲಿ ಎರಡೂ ಇದ್ದವು. ಅವರು ಬಲ್ಲದ್ದನ್ನು ನಮಗೂ ತಿಳಿಯುವಂತೆ ಮಾಡುವ ಒಂದು ಕಾರ್ಡು ಮಾತ್ರ ಇರಲಿಲ್ಲ.

ಕಾಕ ಶವ್ವಾಲ್‌ನಲ್ಲಿ ಕೆಲಸಕ್ಕೆ ಬಂದರು. ಬೀಗದ ಕೈಯನ್ನು ಒಬ್ಬರೇ ಇಟ್ಟುಕೊಳ್ಳಲು ಮಾತ್ರ ಒಪ್ಪಲಿಲ್ಲ. ಬಾಗಿಲಿಗೆ ಈಗ ಎರಡು ಬೀಗ, ಒಂದರ ಕೈ ಅವರಲ್ಲಿ, ಇನ್ನೊಂದರದು ಮೈದುನನಲ್ಲಿ. ಮೊದಲಿನಂತೆ ನಗುತ್ತಾರೆಯೇ ಎಂದು ನೀವು ಕೇಳಿದರೆ, ಇಲ್ಲ. ಹುಡುಗರೊಡನೆ ನಗುತ್ತಾರೆ. ನನ್ನನ್ನು ಮುಂಚೆ ಮಗಳೇ ಎನ್ನುತ್ತಿದ್ದವರು ಈಗ ಹೆಚ್ಚಾಗಿ ಟೀಚರ್ ಎನ್ನುತ್ತಾರೆ.

2025ರ ರಮಝಾನಿನ ಎಣಿಕೆಗೆ ನಾನೂ ಹೋಗಿದ್ದೆ. ಕಾಕನಿಗೆ ಮೊಣಕಾಲು ನೋವು, ವಾರಕ್ಕೆ ಎರಡು ದಿನ ಮಾತ್ರ ಬರುತ್ತಿದ್ದರು. ಆ ದಿನ ಒಂದು ಕುರ್ಚಿಯಲ್ಲಿ ಕೂತು ಕಾರ್ಡುಗಳನ್ನು ಒಂದೊಂದಾಗಿ ತರಿಸಿ ನೋಡಿದರು. ನಲವತ್ತಾರರಲ್ಲಿ ನಲವತ್ತಮೂರು ಸರಿಬಂದವು. ಕೊತ್ತಂಬರಿಯಲ್ಲಿ ಮೂರು ಕಿಲೋ ಕಡಿಮೆ, ಬೇಸಿಗೆಯಲ್ಲಿ ಒಣಗಿ ಅಷ್ಟು ಇಳಿಯುವುದುಂಟು. ಕುಚ್ಚಲಕ್ಕಿಯಲ್ಲಿ ಹನ್ನೊಂದು ಕಿಲೋ ಕಡಿಮೆ, ಹೆಗ್ಗಣ ಕಡಿದ ಚೀಲ ಎದುರಿಗೇ ಇತ್ತು. ಖರ್ಜೂರದಲ್ಲಿ ಐದು ಕಿಲೋದ ಒಂದು ಪೆಟ್ಟಿಗೆ ಇಲ್ಲ.

ಮೈದುನ ಹುಡುಗರ ಕಡೆ ನೋಡಿದ. ಕಾಕ ಬಾಗಿಲಿಗೆ ಅಂಟಿಸಿದ ದಪ್ಪ ಅಕ್ಷರದ ಕಡೆ ಬೆರಳು ತೋರಿಸಿದರು. ಅದನ್ನು ಓದಲು ಅವರಿಗೆ ಬಾರದು, ಏನು ಬರೆದಿದೆಯೆಂದು ಗೊತ್ತು. ಆಮೇಲೆ ನನ್ನ ಕಡೆ ತಿರುಗಿ, "ಟೀಚರ್, ನಿಮ್ಮ ಅಡುಗೆಮನೆಯ ಪುಸ್ತಕ ಸ್ವಲ್ಪ ತರಿಸಿ" ಎಂದರು.

ಪುಸ್ತಕ ಬಂತು. ಆ ವಾರದ ಪುಟ ಖಾಲಿ. ಖರ್ಜೂರದ ಪೆಟ್ಟಿಗೆ ನಮ್ಮ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿದೆ ಎಂದು ಅಷ್ಟರಲ್ಲಿ ನನಗೆ ನೆನಪಾಗಿತ್ತು. ನೆಂಟರು ಬಂದಿದ್ದರೆಂದು ಅವಸರದಲ್ಲಿ ಹುಡುಗನ ಕೈಯಲ್ಲಿ ತರಿಸಿದ್ದು. ಚೀಟಿ ಆಮೇಲೆ ಬರೆಯುತ್ತೇನೆ ಎಂದವಳು ನಾನೇ.

ಅಲ್ಲಿಯೇ, ಅವರ ಎದುರಿಗೇ ಕೂತು ಬರೆದೆ. ತಾರೀಕು, ವಸ್ತು, ಕಿಲೋ, ಸಹಿ. ಕಾಕ ಚೀಟಿಯನ್ನು ಬೆಳಕಿಗೆ ಹಿಡಿದು, 5 ಎಂಬ ಅಂಕಿಯ ಮೇಲೆ ಬೆರಳಿಟ್ಟು ನೋಡಿ, ಕಾರ್ಡಿನ ಜೊತೆ ಸೇರಿಸಿ ಮೊಳೆಗೆ ಸಿಕ್ಕಿಸಿದರು. "ಸರಿ ಬಂತು ಮಗಳೇ" ಎಂದು ಮುಂದಿನ ಕಾರ್ಡು ಕೇಳಿದರು.